ಮೇಲಿನ ತಾಕಿನ ಹಳೆ ಸಾಲು

ನನ್ನ ಅಕ್ಕನ ಅತ್ತೆಯ ದ್ರಾಕ್ಷಿ ತೋಟದಲ್ಲಿ, ಮೇಲಿನ ತಾಕಿನ ಹಳೆ ಸಾಲನ್ನು ಕತ್ತರಿಸಿ ಹಾಳು ಮಾಡಿದವನು ನಾನು. ಅಕ್ಕ ಹೇಳಿದ್ದಕ್ಕೆ ಕತ್ತರಿಸಿದೆ ಎಂದು ಸುಳ್ಳು ಹೇಳಿದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಕೊನೆಯವರೆಗೆ ಮುಚ್ಚಿಟ್ಟು ಆಮೇಲೆ ಬಿಚ್ಚುವ ಹಾಗೆ ಬರೆಯುವುದು ನನಗೆ ಬಾರದು.

ಹೈಡೆಲ್‌ಬರ್ಗಿನಿಂದ ಉತ್ತರಕ್ಕೆ ಟ್ರಾಮಿನಲ್ಲಿ ಹೋದರೆ ಎಡಗಡೆ ಬಯಲು, ಬಲಗಡೆ ಉದ್ದಕ್ಕೂ ಗುಡ್ಡ. ಆ ಗುಡ್ಡದ ಒಂದು ಮಗ್ಗುಲಲ್ಲಿ ತೋಟ. ಅಕ್ಕನ ಅತ್ತೆ, ಮಾವ ಇಬ್ಬರೂ ಸ್ಪೇನಿನ ಒಳನಾಡಿನ ಒಂದು ಹಳ್ಳಿಯವರು. ಮದುವೆಯಾದ ಹೊಸದರಲ್ಲಿ ಮನ್‌ಹೈಮಿನ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಸ್ವಲ್ಪ ಕಾಲ ದುಡಿದು ಊರಿಗೆ ವಾಪಸ್ ಹೋಗುವುದು ಎಂದುಕೊಂಡಿದ್ದರಂತೆ. ಹೋಗಲಿಲ್ಲ. ಟ್ರ್ಯಾಕ್ಟರ್ ಹತ್ತುವುದಿಲ್ಲವೆಂದು ಇಲ್ಲಿಯವರು ಕೈಬಿಟ್ಟಿದ್ದ ಕಡಿದಾದ ಜಾಗವನ್ನು ಮಾವ ತೆಗೆದುಕೊಂಡರು. ಕಾರ್ಖಾನೆಗೆ ರಜೆ ಇದ್ದ ದಿನಗಳಲ್ಲೆಲ್ಲ ಗಂಡ ಹೆಂಡತಿ ಬಿದ್ದುಹೋದ ಕಲ್ಲುಕಟ್ಟೆಗಳನ್ನು ಎತ್ತಿ ಕಟ್ಟಿದರು. ಒಂದರ ಮೇಲೊಂದು ತಾಕು ಮಾಡಿ ದ್ರಾಕ್ಷಿ ಹಾಕಿದರು. ಅದರಿಂದ ತೆಗೆದ ವೈನನ್ನು ಮೊದಲು ಕಾರ್ಖಾನೆಯ ಸ್ಪ್ಯಾನಿಶ್ ಗೆಳೆಯರಿಗೆ, ಆಮೇಲೆ ಊರಿನವರಿಗೂ ಮಾರತೊಡಗಿದರು.

ಕೆಳಗಿನ ತಾಕುಗಳಲ್ಲಿ ಇರುವುದು ಈ ಕಡೆಯದೇ ತಳಿ, ತಂತಿಗೆ ಕಟ್ಟಿ ಬೆಳೆಸಿದ್ದು. ಎಲ್ಲಕ್ಕಿಂತ ಮೇಲಿನ ತಾಕಿನಲ್ಲಿ ಮಾತ್ರ ಒಂದು ಸಾಲು ಬೇರೆ ಇತ್ತು. ಮಾವ ಒಮ್ಮೆ ಊರಿಗೆ ಹೋದಾಗ ತಮ್ಮ ಅಪ್ಪನ ತೋಟದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಇಲ್ಲಿಯ ಬೇರಿಗೆ ತಾವೇ ಕಸಿ ಕಟ್ಟಿ ಬೆಳೆಸಿದ ಸಾಲು ಅದು. ಅದಕ್ಕೆ ತಂತಿಯಿಲ್ಲ, ಕಂಬವಿಲ್ಲ. ಮೊಣಕಾಲೆತ್ತರದ ದಪ್ಪ ಮೊಂಡು ಕಾಂಡ, ಅದರ ತುದಿಯಲ್ಲಿ ಗಂಟು ಗಂಟಾದ ಕೆಲವು ತೋಳುಗಳು. ನಾನು ಆ ಮನೆಗೆ ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದರು. ಸಾಲು ಅತ್ತೆಯದಾಗಿತ್ತು. ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು 'ಇಹೊ' ಎನ್ನುತ್ತಿದ್ದರು. ಅವರ ಮಾತಿನಲ್ಲಿ ಹಾಗೆಂದರೆ ಮಗ. ನನ್ನ ಜರ್ಮನ್ನೂ ಅವರ ಜರ್ಮನ್ನೂ ಒಂದೇ ಥರ ಮುರುಕಲು. ಬಹುಶಃ ಅದಕ್ಕೇ ನಮ್ಮಿಬ್ಬರಿಗೆ ಮಾತು ಸರಿಹೋಗುತ್ತಿತ್ತು.

ನಮ್ಮೂರು ಚಿಕ್ಕಬಳ್ಳಾಪುರದ ಕಡೆ. ಅಲ್ಲಿಯೂ ದ್ರಾಕ್ಷಿಯೇ. ಅಕ್ಕ ಓದಿನಲ್ಲಿ ಜಾಣೆ. ನರ್ಸ್ ಆದಳು, ಬೆಂಗಳೂರಿನಲ್ಲಿ ಕೆಲಸ ಮಾಡಿ ಜರ್ಮನಿಯ ಆಸ್ಪತ್ರೆಗೆ ಬಂದಳು. ಅಲ್ಲಿ ತನ್ನ ಅಪ್ಪನನ್ನು ವಾರ್ಡಿಗೆ ಸೇರಿಸಲು ಬಂದಿದ್ದ ಭಾವನ ಪರಿಚಯವಾಗಿ ಮದುವೆಯಾಯಿತು. ನಾನು ಶಾಲೆ ಬಿಟ್ಟು ಕಟಿಂಗ್ ಗುಂಪು ಸೇರಿದವನು. ದ್ರಾಕ್ಷಿ ಬಳ್ಳಿ ಸವರಲು ಊರೂರು ತಿರುಗುವ ಗಂಡಸರ ಗುಂಪು ಅದು. ಆ ಕೆಲಸದಲ್ಲಿ ನನಗೆ ಹೆಸರಿತ್ತು. ಮದುವೆ ಮಾತು ಬಂದಾಗ ಕಟಿಂಗಿನವನಿಗೆ ಹೆಣ್ಣು ಕೊಡುವವರಿಲ್ಲ ಎಂದು ಹೋಟೆಲ್ ಕೆಲಸಕ್ಕೆ ಬೆಂಗಳೂರಿಗೆ ಹೋದೆ. ಮದುವೆ ಹೇಗೂ ಆಗಲಿಲ್ಲ. ದೋಸೆ ಹಾಕುವುದು ಕಲಿತೆ. ಅಕ್ಕ ಹೇಳಿಕೊಟ್ಟ ದಾರಿಯಲ್ಲಿ ಅಡುಗೆಯವರ ವೀಸಾ ಸಿಕ್ಕಿ ಹೈಡೆಲ್‌ಬರ್ಗಿನ ಒಂದು ದಕ್ಷಿಣ ಭಾರತದ ಹೋಟೆಲಿಗೆ ಬಂದೆ. ಸೋಮವಾರ ಹೋಟೆಲ್ ಮುಚ್ಚುತ್ತದೆ. ಸೋಮವಾರ ನಾನು ತೋಟಕ್ಕೆ ಹೋಗುತ್ತಿದ್ದೆ.

ಮೊದಲ ಸಲ ಅಕ್ಕ ಮೇಲಿನ ತಾಕಿಗೆ ಕರೆದುಕೊಂಡು ಹೋದಾಗ ನಾನು ನಕ್ಕುಬಿಟ್ಟೆ.

"ಚಪ್ಪರ ಎಲ್ಲಿ ಅಕ್ಕಾ?"

"ಇಲ್ಲಿ ಚಪ್ಪರ ಹಾಕಲ್ಲ ಕಣೋ."

"ಮತ್ತೆ ಇದೇನು, ಬದನೆ ಗಿಡಾನಾ?"

"ಬಾಯ್ಮುಚ್ಲಾ. ಅತ್ತೆಗೆ ಕನ್ನಡ ಬರಲ್ಲ ಅಷ್ಟೆ, ನಗೋದು ಗೊತ್ತಾಗುತ್ತೆ."

ಅತ್ತೆ ಏನೆಂದು ಕೇಳಿದರು. ಗಿಡ ಚೆನ್ನಾಗಿದೆ ಅಂತಿದಾನೆ ಎಂದು ಅಕ್ಕ ಸ್ಪ್ಯಾನಿಶ್‌ನಲ್ಲಿ ಹೇಳಿದಳು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದನ್ನು ಅಕ್ಕ ನನಗೆ ತಿರುಗಿಸಿ ಹೇಳಿದಳು: "ಚೆನ್ನಾಗಿದೆ ಅನ್ನೋರು ಹಂಗೆ ಹಲ್ಲು ಬಿಡಲ್ವಂತೆ."

ಆ ಸಾಲಿಗೊಂದು ಕಟ್ಟಳೆ ಇತ್ತು. ಜನವರಿ ಆರಕ್ಕೆ ಇವರಿಗೆ ಮೂರು ರಾಜರ ಹಬ್ಬ, ಹಸುಗೂಸು ಏಸುವನ್ನು ನೋಡಲು ದೂರದಿಂದ ಬಂದ ರಾಜರದು. ಆ ದಿನದವರೆಗೆ ಸಾಲಿಗೆ ಕಬ್ಬಿಣ ತಾಗಿಸುವಂತಿಲ್ಲ. ಅಂದು ಮನೆಯವರೆಲ್ಲ ಮೇಲೆ ಹತ್ತಬೇಕು. ಮನೆಗೆ ಯಾರು ದೊಡ್ಡವರೋ ಅವರು ಮೊದಲ ಗಿಡಕ್ಕೆ ಕತ್ತರಿ ಹಾಕಬೇಕು. ಬುಡಕ್ಕೆ ಹಿಂದಿನ ವರ್ಷದ ವೈನ್ ಸುರಿಯಬೇಕು. ಸವರಿ ಬಿದ್ದ ಹಿಂದಿನ ವರ್ಷದ ಒಣ ಕಡ್ಡಿಗಳನ್ನು ಉರಿಸಿ, ಆ ಕೆಂಡದ ಮೇಲೆ ಕುರಿಯ ಎಲುಬಿನ ತುಂಡು ಸುಟ್ಟು ಅಲ್ಲಿಯೇ ನಿಂತು ತಿನ್ನಬೇಕು. ಬಳೆಯಾಕಾರದ ಒಂದು ಸಿಹಿ ಬ್ರೆಡ್ಡೂ ಇರುತ್ತದೆ. ಮೊದಲ ಕತ್ತರಿ ಹಾಕುವವರೇ ಆ ವರ್ಷವಿಡೀ ಸಾಲಿನ ಯಜಮಾನರು. ಮಾವ ಹೋದ ಮೇಲೆ ಅದು ಅತ್ತೆ. ಭಾವನಿಗೆ ನೆಲಮಾಳಿಗೆಯ ಕೆಲಸ, ಪೀಪಾಯಿ, ಬಾಟಲು ಇವೇ ಇಷ್ಟ. ಗಿಡದ ಹತ್ತಿರ ಅವನ ಕೈ ನಿಲ್ಲುವುದಿಲ್ಲ.

ಎರಡು ವರ್ಷದ ಹಿಂದಿನ ಹಬ್ಬದಲ್ಲಿ ಅತ್ತೆ ಮೊಣಕಾಲು ಹಿಡಿದುಕೊಂಡು ಹತ್ತಿದರು. ಕೆಂಡದ ಮುಂದೆ ನಿಂತಿದ್ದಾಗ ಅಕ್ಕ ತಮಾಷೆಗೆ ಅಂದಳು, ಈ ಸಲ ಡ್ಯೂಟಿ ಬದಲಾಯಿಸಿಕೊಳ್ಳಲು ಮೇಲಿನವರ ಕಾಲು ಹಿಡಿಯಬೇಕಾಯಿತು, ಇಷ್ಟು ದಿನ ಕಾಯುವುದು ಯಾಕೆ, ಕೊಯ್ಲು ಮುಗಿದ ಕೂಡಲೇ ಸವರಿ ಬಿಡಬಾರದೇ ಎಂದು. ಅತ್ತೆ ನಗಲಿಲ್ಲ. ಕತ್ತರಿಯ ಮೊನೆಯನ್ನು ಏಪ್ರನ್ನಿಗೆ ಒರೆಸಿಕೊಂಡು ಅಕ್ಕನ ಮಣಿಕಟ್ಟು ಹಿಡಿದು ಏನೋ ಹೇಳಿದರು. ಅಕ್ಕನ ಮುಖ ಕೆಂಪಾಯಿತು.

"ಏನಂದ್ರು?" ಎಂದೆ.

"ಮುಂದಿನ ವರ್ಷ ಮೊದ್ಲು ನಾನೇ ಹಾಕ್ಬೇಕಂತೆ. ಅಷ್ಟೊತ್ತಿಗೆ ಕಾಯೋದು ಕಲ್ತುಕೋ ಅಂದ್ರು."

ನಮ್ಮ ಕಡೆ ಕತ್ತರಿ ಗಂಡಸರ ಕೈಯಲ್ಲಿ. ಹೆಂಗಸರು ಬಿದ್ದ ಕಡ್ಡಿ ಆಯಬೇಕು, ಸವರಿದ ಬಳ್ಳಿಗೆ ಔಷಧಿ ಒರೆಸಬೇಕು. ಅಕ್ಕ ಚಿಕ್ಕವಳಿದ್ದಾಗ ಒಮ್ಮೆ ಅಪ್ಪನ ಕತ್ತರಿ ಕೇಳಿ ಬೈಸಿಕೊಂಡಿದ್ದಳು. ಅಂಥವಳಿಗೆ ಪರದೇಶದ ಒಬ್ಬ ಮುದುಕಿ ತನ್ನ ಗಂಡ ನೆಟ್ಟ ಸಾಲನ್ನು ಒಪ್ಪಿಸುತ್ತೇನೆ ಎಂದಿದ್ದರು. ಆ ವರ್ಷವೆಲ್ಲ ಅಕ್ಕ ರಜೆ ಸಿಕ್ಕಾಗಲೆಲ್ಲ ಅತ್ತೆಯ ಹಿಂದೆ ಸಾಲಿನಲ್ಲಿ ಬಗ್ಗಿ ನಡೆಯುತ್ತಿದ್ದಳು, ಯಾವ ತೋಳು ಉಳಿಸಬೇಕು, ಯಾವುದು ಬೇಡ ಎಂದು ಕೇಳುತ್ತಾ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕೆಳಗಿನ ತಾಕುಗಳಲ್ಲಿ ನನ್ನ ಕೈ ನೋಡಿ ಅತ್ತೆ ಎಷ್ಟೋ ಸಲ ಭೇಷ್ ಎಂದಿದ್ದರು. ಹುಟ್ಟಿದಂದಿನಿಂದ ಬಳ್ಳಿ ಸವರಿದವನು ನಾನು. ಕತ್ತರಿ ಇಂಜೆಕ್ಷನ್ ಕೊಡುವವಳಿಗೆ ಹೋಯಿತಲ್ಲ ಎಂದು ಒಳಗೊಳಗೇ ಅನ್ನಿಸುತ್ತಿತ್ತು. ಇದನ್ನು ಇವತ್ತಿನವರೆಗೆ ಯಾರ ಹತ್ತಿರವೂ ಹೇಳಿಲ್ಲ.

ಆ ವರ್ಷದ ಕೊಯ್ಲಿನ ಕೊನೆಯಲ್ಲಿ ಅತ್ತೆ ಕಲ್ಲುಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಅಲ್ಲಿಂದ ಅವರನ್ನು ರೇಹಾಗೆ, ಅಂದರೆ ಮತ್ತೆ ನಡೆಯುವುದು ಕಲಿಸುವ ಆಸ್ಪತ್ರೆಗೆ ಕಳಿಸಿದರು. ಅಕ್ಕ ತನ್ನ ಡ್ಯೂಟಿ ಮುಗಿಸಿ ಅಲ್ಲಿಗೆ ಓಡುತ್ತಿದ್ದಳು. ಭಾವ ಹುದುಗುತ್ತಿದ್ದ ರಸದ ಪೀಪಾಯಿ ಬಿಟ್ಟು ಏಳುವಂತಿರಲಿಲ್ಲ. ಅಕ್ಕ ಫೋನ್ ಮಾಡಿ, ಸೋಮವಾರ ಬಂದಾಗ ಮೇಲಿನ ತಾಕಿನಲ್ಲಿ ಹಕ್ಕಿಗೆ ಹಾಕಿದ್ದ ಬಲೆ ಬಿಚ್ಚಿ ಗುಡಿಸಲಲ್ಲಿ ಇಡು ಎಂದಳು. ಅವಳು ಹೇಳಿದ್ದು ಅಷ್ಟೇ.

ಅಂದು ಬಿಸಿಲು ಚೆನ್ನಾಗಿತ್ತು. ಅಕ್ಟೋಬರ್ ತಿಂಗಳು. ನಮ್ಮ ಕಡೆ ಅಕ್ಟೋಬರ್ ಎಂದರೆ ಕಟಿಂಗಿನ ತಿಂಗಳು. ಆಗ ಸವರಿದ ಕಡ್ಡಿಯಲ್ಲೇ ಬೆಳೆ ಬರುವುದು. ಗುಂಪಿನವರಿಗೆ ಊಟ ಮಾಡಲು ಪುರುಸೊತ್ತಿರುವುದಿಲ್ಲ, ತೋಟದವರು ಮನೆ ಬಾಗಿಲಿಗೆ ಬಂದು ಕರೆಯುತ್ತಾರೆ. ಇಲ್ಲಿ ಅದೇ ವಾರ ಹಿಟ್ಟು ಹುಳಿ ಬಂದಿಲ್ಲವೆಂದು ಹೋಟೆಲ್ ಮಾಲೀಕ ನನ್ನನ್ನು ಪಾತ್ರೆ ತೊಳೆಯುವ ಹುಡುಗನ ಮುಂದೆ ಬೈದಿದ್ದ. ಚಳಿಗೆ ಹಿಟ್ಟು ಹುದುಗದಿದ್ದರೆ ನಾನೇನು ಮಾಡಲಿ? ಬಲೆ ಮಡಚಿ ಗುಡಿಸಲಿನಲ್ಲಿ ಇಡಲು ಹೋದಾಗ ಅತ್ತೆಯ ಕತ್ತರಿ ಗೂಟಕ್ಕೆ ನೇತಾಡುತ್ತಿತ್ತು. ಪಕ್ಕದಲ್ಲಿ ಗರಗಸ.

ಒಂದು ಗಿಡಕ್ಕೆ ಹಾಕಿ ನೋಡಿದೆ. ಎಲೆ ಇನ್ನೂ ಅರ್ಧ ಹಸಿರಿತ್ತು, ಅದು ನನಗೆ ವಿಶೇಷವೆನಿಸಲಿಲ್ಲ. ನಮ್ಮಲ್ಲಿ ಬಳ್ಳಿ ಹಸಿರಿರುವಾಗಲೇ ಸವರುವುದು. ಕತ್ತರಿ ಹಿಡಿತಕ್ಕೆ ಬಂತು. ಎರಡನೆಯದು, ಮೂರನೆಯದು. ಹಳೆ ಗಂಟುಗಳು ನನ್ನ ಕಣ್ಣಿಗೆ ಸತ್ತ ಕಟ್ಟಿಗೆಯ ಹಾಗೆ ಕಂಡವು. ಇಷ್ಟು ವರ್ಷ ಇವನ್ನು ಹೊತ್ತುಕೊಂಡೇ ಗಿಡ ಸೊರಗಿದೆ, ಅದಕ್ಕೇ ಗೊಂಚಲು ಸಣ್ಣ ಎಂದುಕೊಂಡು ಗರಗಸದಿಂದ ಅವನ್ನೂ ತೆಗೆದೆ. ಮಧ್ಯಾಹ್ನ ಊಟಕ್ಕೂ ಇಳಿಯಲಿಲ್ಲ. ಸಂಜೆ ನಿಂತು ನೋಡಿದರೆ ಸಾಲು ಕ್ಷೌರ ಮಾಡಿಸಿಕೊಂಡ ಹಾಗೆ ನೀಟಾಗಿತ್ತು. ಮುಂದಿನ ವಾರ ಚಿಗುರು ಕಂಡಾಗ ಅಕ್ಕನಿಗೆ ತೋರಿಸೋಣ ಎಂದು ಏನೂ ಹೇಳದೆ ಟ್ರಾಮ್ ಹಿಡಿದೆ.

ನಮ್ಮೂರಿನಲ್ಲಿ ಸವರಿದ ಕೆಲವೇ ದಿನಕ್ಕೆ ಮೊಗ್ಗು ಉಬ್ಬುತ್ತದೆ. ಮುಂದಿನ ಸೋಮವಾರ ನಾನು ಹೋದಾಗ ಒಂದು ಮೊಗ್ಗೂ ಅಲುಗಿರಲಿಲ್ಲ. ಅದರ ಮುಂದಿನ ಸೋಮವಾರದ ಹೊತ್ತಿಗೆ ಹಿಮ ಬಿದ್ದು, ಗರಗಸ ಆಡಿದ ಕಡೆಯೆಲ್ಲ ಮರ ಕಪ್ಪಾಗಿತ್ತು. ಇಲ್ಲಿಯ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ. ಮಲಗುವ ಮುಂಚೆ ಎಲೆಯಲ್ಲಿರುವ ಸತ್ವವನ್ನೆಲ್ಲ ಕಾಂಡಕ್ಕೆ, ಬೇರಿಗೆ ಇಳಿಸಿಕೊಳ್ಳಬೇಕು. ಅದಕ್ಕೇ ಮೂರು ರಾಜರ ಹಬ್ಬದವರೆಗೆ ಕಾಯುವುದು. ಪ್ರತಿ ಜನವರಿಯಲ್ಲೂ ನಾನೇ ಅಲ್ಲಿ ನಿಂತು ಮಾಂಸ ತಿಂದಿದ್ದೆ. ಕಟ್ಟಳೆಯನ್ನು ದೇವರ ಕೆಲಸ ಎಂದುಕೊಂಡಿದ್ದೆನೇ ಹೊರತು ಗಿಡದ ಕೆಲಸ ಎಂದುಕೊಂಡಿರಲಿಲ್ಲ.

ಅಕ್ಕ ಅಂದು ರಜೆಯಲ್ಲಿದ್ದಳು. ನನ್ನ ಹಿಂದೆಯೇ ಮೇಲೆ ಬಂದಳು. ಕಟ್ಟೆಯ ಅಂಚಿನಲ್ಲಿ ನಿಂತಳು.

"ಏನ್ಲಾ ಮಾಡ್ಬಿಟ್ಟೆ?"

"ಹಗುರ ಮಾಡ್ದೆ ಅಷ್ಟೆ ಅಕ್ಕ. ನಮ್ಮೂರಲ್ಲಿ ಈಗ್ಲೇ ಅಲ್ವಾ…"

"ಇದು ನಮ್ಮೂರಾ?"

ಅವಳು ಒಂದೊಂದೇ ಗಿಡದ ಹತ್ತಿರ ಕೂತು ಗಾಯ ಮುಟ್ಟಿ ನೋಡಿದಳು, ವಾರ್ಡಿನಲ್ಲಿ ನೋಡುವ ಹಾಗೆಯೇ. ಸಾಲು ಮುಗಿದ ಮೇಲೆ ಎದ್ದು ಮಣ್ಣು ಕೊಡವಿಕೊಂಡಳು.

"ಅತ್ತೆ ಹತ್ರ ನೀನೇ ಹೇಳ್ಬೇಕು. ಮುಂದಿನ ಸೋಮವಾರ ಹೋಗೋಣ, ನಾನು ಪಕ್ಕದಲ್ಲಿರ್ತೀನಿ. ಬೈತಾರೆ, ಬೈಸ್ಕೊ. ಗೊತ್ತಿಲ್ದೆ ಮಾಡಿದ್ದು ಅಂತ ಅವ್ರಿಗೂ ತಿಳಿಯುತ್ತೆ."

ಆ ಸೋಮವಾರದ ಒಳಗೆ ಭಾವ ಒಮ್ಮೆ ಮೇಲೆ ಹತ್ತಿದ್ದ. ನೋಡಿದ್ದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದ. ನಾವು ರೇಹಾಗೆ ಹೋದಾಗ ಅತ್ತೆ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕಾಯುತ್ತಾ ಕುಳಿತಿದ್ದರು. ಕೂದಲು ಬಾಚಿಕೊಂಡು, ಕಿವಿಗೆ ಓಲೆ ಹಾಕಿಕೊಂಡಿದ್ದರು. ನಾನು ತಂದಿದ್ದ ನಿಂಬೆಹಣ್ಣಿನ ಚಿತ್ರಾನ್ನದ ಡಬ್ಬಿಯ ಕಡೆ ನೋಡಲಿಲ್ಲ.

"ಇಹೊ, ಯಾರು ಕತ್ತರಿಸಿದ್ದು?"

"ನಾನು."

ಅಲ್ಲಿಗೇ ನಿಂತಿದ್ದರೆ ಸಾಕಿತ್ತು.

"ಯಾಕೆ?" ಎಂದರು.

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ ಹಾಗಿತ್ತು. ಅದಕ್ಕೆ ಕೊಡಲು ನನ್ನ ಹತ್ತಿರ ಇದ್ದ ಉತ್ತರ, ಕತ್ತರಿ ನನ್ನ ಕೈಗೆ ಬರಲಿಲ್ಲವೆಂಬ ಹೊಟ್ಟೆಕಿಚ್ಚು ಒಂದೇ. ಆ ಮನೆಯ ಮೇಜಿನಲ್ಲಿ ನನಗೊಂದು ಕುರ್ಚಿ ಇತ್ತು. ಈ ದೇಶದಲ್ಲಿ ನಾನು ಕೂತು ಉಣ್ಣುತ್ತಿದ್ದ ಮೇಜು ಅದೊಂದೇ. ಉಳಿದ ದಿನ ಹೋಟೆಲಿನ ಅಡುಗೆಮನೆಯಲ್ಲಿ ನಿಂತು ಊಟ.

"ಅಕ್ಕ ಹೇಳಿದಳು," ಎಂದೆ.

ಅತ್ತೆ ಅಕ್ಕನ ಕಡೆ ತಿರುಗಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಸರಿಪಡಿಸಲಿ ಎಂದು ಕಾಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನಾನು ಚಿತ್ರಾನ್ನದ ಡಬ್ಬಿಯ ಮುಚ್ಚಳ ಒತ್ತುತ್ತಾ ನಿಂತೆ. ಅಕ್ಕ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅತ್ತೆಯ ಕೈಗೆಟುಕುವ ಹಾಗೆ ಹತ್ತಿರ ಸರಿಸಿಟ್ಟಳು. ಇಲ್ಲ ಎನ್ನಲಿಲ್ಲ. ಕೊಯ್ಲು ಮುಗಿದ ಕೂಡಲೇ ಸವರಬಾರದೇ ಎಂದು ಅವಳೇ ಕೆಂಡದ ಮುಂದೆ ಹೇಳಿದ್ದ ಮಾತು ಅತ್ತೆಗೆ ನೆನಪಿತ್ತು. ನನ್ನ ಸುಳ್ಳು ನಿಲ್ಲಲು ಅಷ್ಟು ಸಾಕಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಯಾಕಕ್ಕ ಸುಮ್ನಿದ್ದೆ?"

"ಬಾಯಿ ಬಿಟ್ಟಿದ್ರೆ ಅವ್ರ ಎದುರಿಗೆ ನಿನ್ನನ್ನ ಸುಳ್ಳ ಅನ್ಬೇಕಿತ್ತು. ನಮ್ಮನೆ ಕಡೆಯಿಂದ ಅಂತ ಇಲ್ಲಿರೋನು ನೀನೊಬ್ಬ." ಕಿಟಕಿಯ ಕಡೆ ತಿರುಗಿ ಮತ್ತೆ ಹೇಳಿದಳು, "ಹಾಳು ಮಾಡ್ದೋನು ನೀನು. ನೀನೇ ಹೋಗಿ ಸರಿ ಮಾಡು. ನಾನು ಹೇಳಲ್ಲ. ಹಬ್ಬದ ಮುಂಚೆ ಹೇಳು."

ಹಬ್ಬದವರೆಗೆ ಬೇಕಾದಷ್ಟು ಸೋಮವಾರಗಳಿದ್ದವು. ಒಂದು ಸಲ ನೆಗಡಿ ಎಂದೆ. ಒಂದು ಸಲ ರೇಹಾದವರೆಗೆ ಹೋಗಿ ಕೆಳಗಿನ ಕಾಫಿ ಅಂಗಡಿಯಲ್ಲಿ ಕೂತು ವಾಪಸ್ ಬಂದೆ. ಅತ್ತೆಗೆ ನೋವು ಹೆಚ್ಚಿದೆ, ಈಗ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕ ಮತ್ತೆ ಕೇಳಲಿಲ್ಲ.

ಕ್ರಿಸ್‌ಮಸ್ಸಿಗೆ ಅತ್ತೆ ಮನೆಗೆ ಬಂದರು, ಹಿಡಿದು ನಡೆಯುವ ಚಕ್ರದ ಗಾಡಿ ತಳ್ಳಿಕೊಂಡು. ಮೂರು ರಾಜರ ಹಬ್ಬದಂದು ಹೋಟೆಲಿನಲ್ಲಿ ರಜೆ ಕೇಳಿಕೊಂಡು ನಾನೂ ಹೋದೆ. ಮೇಲಕ್ಕೆ ಯಾರೂ ಹತ್ತಲಿಲ್ಲ. ಅಂಗಳದಲ್ಲಿಯೇ ಕೆಳಗಿನ ತಾಕಿನ ಕಡ್ಡಿಗಳಿಗೆ ಬೆಂಕಿ ಹಾಕಿ ಭಾವ ಮಾಂಸ ಸುಟ್ಟ. ಅಕ್ಕ ಹೊಸ ಕೈಗವಸು ಕೊಂಡಿದ್ದಳು, ಅತ್ತೆ ಕತ್ತರಿ ಒಪ್ಪಿಸುತ್ತೇನೆ ಎಂದ ಹೊಸದರಲ್ಲೇ ಕೊಂಡಿದ್ದು. ಅದನ್ನು ಹಾಕಿಕೊಳ್ಳದೆ ಕೋಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು. ಅತ್ತೆ ಕತ್ತರಿಯನ್ನು ಹೊರಗೆ ತರಲೇ ಇಲ್ಲ. ಸಿಹಿ ಬ್ರೆಡ್ಡು ಕೊಯ್ಯುತ್ತಾ ಅಕ್ಕನಿಗೆ ಸ್ಪ್ಯಾನಿಶ್‌ನಲ್ಲಿ ಒಂದು ಮಾತು ಹೇಳಿದರು. ಏನೆಂದು ಭಾವನನ್ನು ಕೇಳಿದೆ. ಅವನು ಹೇಳಲು ಹಿಂಜರಿದು, ಕಾಯಲು ಬಾರದವಳಿಗೆ ಕತ್ತರಿ ಯಾಕೆ ಅಂದರು ಎಂದ. ಅಕ್ಕ ತಟ್ಟೆ ಹಿಡಿದು ಎಲ್ಲರಿಗೂ ಬ್ರೆಡ್ಡು ಹಂಚಿದಳು. ನನ್ನ ಪಾಲನ್ನು ನಾನು ತಿಂದೆ.

ವಸಂತದಲ್ಲಿ ಒಂದು ಸೋಮವಾರ ಭಾವ ಗೇಟಿನಲ್ಲೇ ನನ್ನನ್ನು ಹಿಡಿದ. ಅಕ್ಕ ಅವನಿಗೆ ಒಂದಷ್ಟು ಕನ್ನಡ ಕಲಿಸಿದ್ದಾಳೆ.

"ಬಾಮೈದ! ಬಾ, ಬಾ! ನೋಡು!"

ಎಳೆದುಕೊಂಡೇ ಮೇಲೆ ಹತ್ತಿಸಿದ. ಹಳೆ ಸಾಲಿನ ತುಂಬ ಹಸಿರು. ಬುಡಬುಡದಲ್ಲಿ ಚಿಗುರು ಎದ್ದಿತ್ತು. ಭಾವನ ಕಣ್ಣಲ್ಲಿ ನೀರು ಬಂದಿತ್ತು. ನಾನು ಬಗ್ಗಿ ನೋಡಿದೆ. ಚಿಗುರು ಬಂದಿದ್ದು ಕಸಿಯ ಗಂಟಿನ ಕೆಳಗಿನಿಂದ. ಎಲೆ ಗುಂಡಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಬದುಕಿದ್ದು ಬೇರು, ಮೇಲಿದ್ದ ಮಾವನ ಕಡ್ಡಿ ಸತ್ತಿತ್ತು. ಕೊನೆಯಲ್ಲಿ ಕಟ್ಟೆಯ ಮರೆಗಿದ್ದ ಕೆಲವು ಗಿಡಗಳಲ್ಲಿ ಮಾತ್ರ ಗಂಟಿನ ಮೇಲೆ ಬಡಕಲು ಮೊಗ್ಗುಗಳಿದ್ದವು. ನಮ್ಮೂರಿನಲ್ಲಿಯೂ ಕಸಿ ಬಳ್ಳಿಯೇ. ನೋಡಿದ ಕೂಡಲೇ ನನಗೆ ತಿಳಿಯಿತು, ಆದರೆ ಭಾವನಿಗೆ ಹೇಳಲಿಲ್ಲ. ಅವನು ಒಂದು ಎಲೆ ಕಿತ್ತುಕೊಂಡು ಓಡಿದ. ಅಂಗಳದಲ್ಲಿ ಅತ್ತೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ಮಗನ ಕೈಗೇ ವಾಪಸ್ ಕೊಟ್ಟರು.

"ಬೇರಿನದು," ಎಂದರು.

ಆಮೇಲೆ ಪಕ್ಕದ ತೋಟದವರಿಗೆ ಮೇಲಿನ ತಾಕು ಕೊಟ್ಟುಬಿಡುತ್ತೇನೆ ಎಂದರು. ಆ ಜರ್ಮನ್ ಮನುಷ್ಯ ಬಹಳ ದಿನದಿಂದ ಕೇಳುತ್ತಿದ್ದ. "ಅದನ್ನ ನೋಡಿಕೊಳ್ಳೋರು ಈ ಮನೇಲಿ ಇಲ್ಲ." ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ಪಾತ್ರೆ ತೊಳೆಯುತ್ತಿದ್ದ ಅಕ್ಕನ ನಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ನೀರಿನ ಸದ್ದು ಬಂತು.

ಪಕ್ಕದ ತೋಟದವನು ಜಾಗ ನೋಡಲು ಬಂದ ದಿನ ನಾನು ಅಲ್ಲಿದ್ದೆ. ಅವನು ಮೇಲೆ ಹೋಗಿ ಬಂದು, ಟೋಪಿ ಮಂಡಿಯ ಮೇಲಿಟ್ಟುಕೊಂಡು ಅಂಗಳದ ಬೆಂಚಿನಲ್ಲಿ ಕೂತಿದ್ದ. ಹಳೆಯದನ್ನು ಬೇರು ಸಮೇತ ಕಿತ್ತು ಹೊಸ ಸಸಿ ಹಾಕಿಸುತ್ತೇನೆ ಎನ್ನುತ್ತಿದ್ದ. ಅಕ್ಕ ಅವನಿಗೆ ಕಾಫಿ ತಂದಿಟ್ಟಳು. ಸಕ್ಕರೆ ಬೇಕೇ ಎಂದು ಕೇಳಿದಳು. ಅವಳು ಅಷ್ಟು ಮರ್ಯಾದೆಯಿಂದ ಸಕ್ಕರೆ ಕೇಳಿದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಅತ್ತೆ," ಎಂದೆ. ಮುಂದಿನದನ್ನು ಜರ್ಮನ್‌ನಲ್ಲಿ ಹೇಳಬೇಕಾಯಿತು. ನನ್ನ ಜರ್ಮನ್‌ನಲ್ಲಿ ಸುತ್ತುಬಳಸಿ ಹೇಳಲು ಬರುವುದಿಲ್ಲ. "ಅಕ್ಕ ಹೇಳಲಿಲ್ಲ. ಬಲೆ ಬಿಚ್ಚು ಅಂತ ಮಾತ್ರ ಹೇಳಿದ್ದು. ಕತ್ತರಿಸಿದ್ದು ನಾನು. ಸುಳ್ಳು ಹೇಳಿದ್ದು ನಾನು."

ಪಕ್ಕದ ತೋಟದವನು ಕಾಫಿಯೊಳಗೆ ನೋಡತೊಡಗಿದ. ಭಾವ ನನ್ನ ಕಡೆ ಒಂದು ಹೆಜ್ಜೆ ಇಟ್ಟು ನಿಂತ. ಅತ್ತೆ ನನ್ನ ಮೇಲೆ ಕೂಗಾಡಲಿಲ್ಲ. ನನ್ನನ್ನು ಬಿಟ್ಟು ಅಕ್ಕನನ್ನು ಕೇಳಿದರು, ಅದೂ ಜರ್ಮನ್‌ನಲ್ಲಿ, ನನಗೂ ತಿಳಿಯಲಿ ಎಂದೇ ಇರಬೇಕು.

"ನಿನಗೆ ಗೊತ್ತಿತ್ತು. ಯಾಕೆ ಸುಮ್ಮನಿದ್ದೆ?"

"ನನ್ನ ತಮ್ಮ," ಎಂದಳು ಅಕ್ಕ.

"ಮತ್ತೆ ನಾನು?"

ಅಕ್ಕ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದಳು.

"ಅವನು ಹೊರಗಿನವನು. ತಿಳಿಯದೆ ಕತ್ತರಿಸಿದ, ಹೆದರಿ ಸುಳ್ಳು ಹೇಳಿದ, ಹೋಗಲಿ. ಚಳಿಗಾಲವೆಲ್ಲ ನೀನು ನನಗೆ ಊಟ ಕೊಟ್ಟೆ, ಬಟ್ಟೆ ಹಾಕಿದೆ, ಸೊಂಟ ಹಿಡಿದು ನಡೆಸಿದೆ. ಇದೊಂದು ಮಾತು ಹೇಳಲಿಲ್ಲ. ನಾನು ನಿನ್ನ ಬಗ್ಗೆ ಕೆಟ್ಟದಾಗಿ ನೆನೆಯುತ್ತಾ ಸಾಯಲಿ ಅಂತ ಬಿಟ್ಟೆ."

ನನ್ನನ್ನು ಹೊರಗಿನವನು ಎಂದಿದ್ದು ನನಗೆ ಚುಚ್ಚಿತು. ಆದರೆ ಆ ಹೊತ್ತಿನಲ್ಲಿ ಅದನ್ನು ಗಮನಿಸಿದವನು ನಾನೊಬ್ಬನೇ. ಅತ್ತೆ ಪಕ್ಕದ ತೋಟದವನಿಗೆ, ಇವತ್ತು ಮಾತು ಮುಂದುವರಿಸುವುದು ಬೇಡ ಎಂದರು. ಅವನು ಕಾಫಿಯನ್ನು ಪೂರ್ತಿ ಕುಡಿದೇ ಎದ್ದ.

ಅಕ್ಕ ನನ್ನನ್ನು ಟ್ರಾಮಿನವರೆಗೆ ಬಿಡಲು ಬಂದಳು. ನಿಲ್ದಾಣದಲ್ಲಿ ನಿಂತ ಮೇಲೆ ನಾನೇ ಅಂದೆ, "ಹೇಳ್ಬಿಟ್ನಲ್ಲ ಅಕ್ಕ."

"ಹೇಳ್ದೆ. ನಿನ್ನೆದೆ ಹಗುರಾಯ್ತು. ಹಬ್ಬಕ್ಕೆ ಮುಂಚೆ ಹೇಳಿದ್ರೆ ನೀನೊಬ್ನೇ ತಪ್ಪು ಮಾಡ್ದೋನು. ಈಗ ನಾನೂ ಸುಳ್ಳಿ."

"ಕ್ಷಮಿಸ್ಬಿಡಕ್ಕ."

"ಟ್ರಾಮ್ ಬಂತು, ಹತ್ತು."

ಬೇಸಿಗೆಯಲ್ಲಿ ನಾನು ಕೆಲವು ಸಲ ಹೋದೆ. ಅಕ್ಕ ಊಟಕ್ಕೆ ಬಡಿಸುತ್ತಿದ್ದಳು, ಊರಿನಲ್ಲಿರುವ ನಮ್ಮ ಅಮ್ಮನ ಆರೋಗ್ಯದ ಸುದ್ದಿ ಕೇಳುತ್ತಿದ್ದಳು. ಅತ್ತೆ ಇಹೊ ಎನ್ನುವುದನ್ನು ಬಿಡಲಿಲ್ಲ. ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮೇಲಿನ ತಾಕು ಪಕ್ಕದವನಿಗೆ ಹೋಗಲಿಲ್ಲ ಎಂಬುದು ಮಾತ್ರ ಗೊತ್ತಾಯಿತು. ಒಂದು ಸೋಮವಾರ ನಾನು ಹೋದಾಗ ಭಾವನೂ ಅಕ್ಕನೂ ಮೇಲೆ ಸತ್ತ ಗಿಡಗಳನ್ನು ಅಗೆದು ಕೀಳುತ್ತಿದ್ದರು. ನಾನು ಗುದ್ದಲಿ ತೆಗೆದುಕೊಂಡು ಮೆಟ್ಟಿಲು ಹತ್ತಿದೆ. ಅಕ್ಕ ಮೇಲಿನಿಂದಲೇ ಕೈ ಅಡ್ಡ ಹಿಡಿದಳು.

"ನೀನು ಕೆಳಗೆ ಬಾಟ್ಲು ತೊಳಿ, ಹೋಗು."

ನಾನು ಇಳಿದು ಬಾಟಲು ತೊಳೆದೆ. ಡಿಸೆಂಬರಿನಲ್ಲಿ ಅವಳು ಫೋನ್ ಮಾಡಿ, ಈ ಸಲ ರಾಜರ ಹಬ್ಬಕ್ಕೆ ನೀನು ಬರೋದು ಬೇಡ ಕಣೋ ಎಂದಳು.

ಜನವರಿ ಆರು ಇಲ್ಲಿ ಸರ್ಕಾರಿ ರಜೆ. ಹೋಟೆಲ್ ತುಂಬಿರುತ್ತದೆ, ಆಸ್ಪತ್ರೆಯ, ವಿಶ್ವವಿದ್ಯಾಲಯದ ನಮ್ಮ ಜನ ಮಕ್ಕಳನ್ನು ಕರೆದುಕೊಂಡು ದೋಸೆಗೆ ಬರುತ್ತಾರೆ. ಮಧ್ಯಾಹ್ನದ ಗದ್ದಲದಲ್ಲಿ ಭಾವನ ಫೋನ್ ಬಂತು. ಹಿಂದುಗಡೆಯ ಬಾಗಿಲಿಗೆ ಹೋಗಿ ಮಾತಾಡಿದೆ. ಬದುಕಿ ಉಳಿದ ಗಿಡಗಳಿಗೆ ಅಕ್ಕ ಕತ್ತರಿ ಹಾಕಿದಳಂತೆ. ಅತ್ತೆಯನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಮೇಲೆ ಕೂರಿಸಿದ್ದರಂತೆ. ಮೊದಲ ಗಿಡದಲ್ಲಿ ಅಕ್ಕ ಹೆದರಿ ಕಡ್ಡಿಯನ್ನು ತೀರ ಉದ್ದ ಬಿಟ್ಟಳಂತೆ.

"ಇದೇನು, ಬಟ್ಟೆ ಒಣಹಾಕೋಕಾ ಅಂದಳು ಅಮ್ಮ," ಎಂದು ಭಾವ ನಕ್ಕ. "ಎಲ್ಲರೂ ನಕ್ಕರು. ಅವಳೂ ನಕ್ಕಳು. ಮತ್ತೆ ಹಾಕಿದಳು, ಸರಿಯಾಯ್ತು."

ಅವನ ಹಿಂದೆ ಕಡ್ಡಿ ಉರಿಯುವ ಚಟಪಟ ಸದ್ದೂ ಅಕ್ಕನ ಧ್ವನಿಯೂ ಕೇಳಿಸುತ್ತಿತ್ತು. ಅಕ್ಕನಿಗೆ ಕೊಡು ಎಂದೆ. ಫೋನ್ ಹಿಡಿದುಕೊಂಡು ಅವನು ಅತ್ತ ನಡೆದದ್ದು ತಿಳಿಯಿತು. ಏನೋ ಕೇಳಿದ, ಅವಳೇನೋ ಹೇಳಿದಳು.

"ಕೈ ತುಂಬ ಕೆಲಸ ಅಂತೆ," ಎಂದ ಭಾವ.

ಆಗಲಿ ಎಂದೆ. ಕೆಲಸವೇ ಇದ್ದಿರಬಹುದು. ಒಳಗಿನಿಂದ ಮಾಲೀಕ ಕರೆಯುತ್ತಿದ್ದ, ನಾನು ಹೆಂಚಿನ ಮುಂದೆ ಹೋಗಿ ನಿಂತೆ.